ಗೃಹಲಕ್ಷ್ಮಿ ದುಡ್ಡಿನಲ್ಲಿ ಕುರಿ ಸಾಕಿದ್ದು: ನನ್ನ ಅನುಭವ

ನಮ್ಮೂರು ಮಳವಳ್ಳಿ ತಾಲ್ಲೂಕು. ಜಮೀನು 20 ಗುಂಟೆ, ಅದರಲ್ಲಿ ರಾಗಿ, ಸಾಲಿನ ಮಧ್ಯೆ ಅವರೆ. ಯಜಮಾನರು ಕಬ್ಬು ಕಡಿಯೋಕೆ ಹೋಗುತ್ತಾರೆ. ನಾನು ಕುರಿ ಕಟ್ಟಿ ಎರಡು ವರ್ಷ ದಾಟಿತು. ದುಡ್ಡು ಎಲ್ಲಿಂದ ತಂದೆ, ಸಾಲ ಮಾಡಿದೆಯಾ ಅಂತ ಊರಲ್ಲಿ ಸುಮಾರು ಜನ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಸುವಿನ ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ ಸಾಲ ಮಾಡಿ ಒಂದು ಎಚ್‌ಎಫ್ ತಳಿಯ ಸೀಮೆ ಹಸು ತಂದಿದ್ದೆವು. ದುಡ್ಡು ಕೈಗೆ ಬಂದ ಮುಂದಿನ ವಾರದಿಂದಲೇ ಕಂತು. ಹಾಲು ಇರುವಷ್ಟು ದಿನ ಡೈರಿ ಬಟವಾಡೆಯಲ್ಲಿ ಹೇಗೋ ಕಟ್ಟಿಕೊಂಡು ಹೋದೆವು, ಆದರೆ ಅದು ಎರಡು ಸಲ ಸೂಜಿ ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ, ಬತ್ತಿದ ಹಸುವಿಗೂ ಬೂಸಾ ಹಿಂಡಿ ಹಾಕಲೇಬೇಕು, ಅತ್ತ ಬುಧವಾರ ಬೆಳಗಾದರೆ ಕಂತಿನವರು ಬಂದು ಜಗಲಿ ಮೇಲೆ ಕೂರುತ್ತಿದ್ದರು. ಕೊನೆಗೆ ತಂದ ಬೆಲೆಯ ಅರ್ಧಕ್ಕೆ ಮಾರಿ ಸಾಲ ತೀರಿಸಿದೆವು. ಹಸುವಿನದೇನೂ ತಪ್ಪಿರಲಿಲ್ಲ. ಇನ್ನೊಂದು ನಾಲ್ಕೈದು ತಿಂಗಳು ಕಾಯುವ ತ್ರಾಣ ನಮಗಿರಲಿಲ್ಲ.

2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರು ಮಾಡಿದರಲ್ಲ, ಮನೆ ಯಜಮಾನಿ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಪಕ್ಕದ ಮನೆಯವರಿಗೆಲ್ಲ ಬಂತು, ನನಗೆ ಬರಲಿಲ್ಲ. ಮೂರು ಸಲ ಬ್ಯಾಂಕಿಗೆ ಅಲೆದ ಮೇಲೆ ಗೊತ್ತಾಯಿತು. ಖಾತೆಗೆ ಆಧಾರ್ ಕೊಡುವುದು ಬೇರೆ, ಸರ್ಕಾರದ ದುಡ್ಡು ಇದೇ ಖಾತೆಗೆ ಬೀಳಬೇಕು ಅಂತ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಸುವುದು ಬೇರೆ. ಬಾರದೇ ಇರುವವರು ಮೊದಲು ಇದನ್ನೇ ಕೇಳಿ ಮಾಡಿಸಿಕೊಳ್ಳಿ. ನನಗೆ ಅಕ್ಟೋಬರ್‌ನಿಂದ ಬಂತು.

ಮನೆಯಲ್ಲಿ ಬೈಕ್ ರಿಪೇರಿ ಮಾಡಿಸೋಣ ಎಂದರು. ನಾನು ಒಪ್ಪಲಿಲ್ಲ. ಐದು ತಿಂಗಳು ಮುಟ್ಟದೆ ಬಿಟ್ಟೆ, 10,000 ಆಯಿತು, ಸಂಘದ ಉಳಿತಾಯದಿಂದ 2,000 ಸೇರಿಸಿದೆ. ಅಸಲಿ ಬಂಡೂರು ಕುರಿ ಆ ದುಡ್ಡಿಗೆ ಸಿಗಲಿಲ್ಲ. ಬಂಡೂರು ನಮ್ಮ ತಾಲ್ಲೂಕಿನದೇ ಊರು, ಕೆಲವರು ಬನ್ನೂರು ಕುರಿ ಅಂತಾರೆ, ಗಿಡ್ಡ ಕಾಲು, ತುಂಬಿಕೊಂಡ ಮೈ, ಅದರ ಬಾಡಿನ ರುಚಿಗೆ ಜನ ಬೆಂಗಳೂರಿನಿಂದ ಹುಡುಕಿಕೊಂಡು ಬರುತ್ತಾರೆ. ನಾನು ಬೆರಕೆಯನ್ನೇ ತಂದೆ, ಗಬ್ಬದ ಕುರಿ. ಸಂತೆಗೆ ಅತ್ತೆ ಜೊತೆಗೆ ಬಂದಿದ್ದರು. ತುಟಿ ಬಿಡಿಸಿ ಹಲ್ಲು ನೋಡಿದರು, ಕೆಚ್ಚಲು ಹಿಡಿದು ಎರಡೂ ಮೊಲೆ ಹಿಂಡಿ ನೋಡಿದರು. 'ಗಂಟಿದ್ರೆ ಬ್ಯಾಡ ಕಣವ್ವ, ಮರಿಗೆ ಹಾಲಿರಾಕಿಲ್ಲ' ಎಂದರು. ಎರಡು ಕುರಿ ಬಿಟ್ಟು ಮೂರನೆಯದನ್ನು ಒಪ್ಪಿದರು. ಕುರಿ ಕೊಳ್ಳುವಾಗ ಹೀಗೆ ಗೊತ್ತಿರುವವರು ಜೊತೆಗಿರಬೇಕು, ಒಬ್ಬರೇ ಹೋಗಬೇಡಿ.

ಏಪ್ರಿಲ್‌ನಲ್ಲಿ ಗಂಡು ಮರಿ ಹಾಕಿತು. ಆ ಧೈರ್ಯದ ಮೇಲೆ, ಮುಂದಿನ ಎರಡು ತಿಂಗಳ ದುಡ್ಡಿಗೆ ಸ್ವಲ್ಪ ಕೂಲಿ ದುಡ್ಡು ಸೇರಿಸಿ ಒಂದು ಹೆಣ್ಣು ಮರಿ ತಂದೆ. ಅದು ಉಳಿಯಲಿಲ್ಲ. ಮುಂಗಾರು ಬಿದ್ದು ಹೊಸ ಹುಲ್ಲು ಚಿಗುರಿತ್ತು, ಹೊಟ್ಟೆ ತುಂಬ ಮೇಯಲಿ ಅಂತ ಇಡೀ ದಿನ ಬಿಟ್ಟೆ. ಸಂಜೆ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಕತ್ತು ಹಿಂದಕ್ಕೆ ಸೆಟೆದು, ಹೊಟ್ಟೆ ಉಬ್ಬಿ ಬಿದ್ದಿತ್ತು. ಪಶು ಡಾಕ್ಟರು ಕರುಳುಬೇನೆ ಎಂದರು. ಎಳೆ ಹುಲ್ಲು ಒಂದೇ ಸಲ ಜಾಸ್ತಿ ತಿಂದರೆ ಕರುಳಿನಲ್ಲಿರುವ ರೋಗಾಣು ಹೆಚ್ಚಿ ವಿಷ ಬಿಡುತ್ತದಂತೆ, ಆಮೇಲೆ ಔಷಧಿ ಕೊಡುವಷ್ಟು ಹೊತ್ತೂ ಇರುವುದಿಲ್ಲ. ಇದಕ್ಕೆ ಮಳೆಗಾಲಕ್ಕೆ ಮುಂಚೆ ಇ.ಟಿ. ಲಸಿಕೆ ಹಾಕಿಸಬೇಕು, ಮೊದಲ ಸಲ ಆದರೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್. ನನಗೆ ಗೊತ್ತಿರಲಿಲ್ಲ, ಎರಡು ದಿನ ಊಟ ಸೇರಲಿಲ್ಲ. ಈಗ ಮಳೆ ಬಂದ ಹೊಸದರಲ್ಲಿ ಮೊದಲು ಒಣ ರಾಗಿ ಹುಲ್ಲು ಹಾಕಿ, ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತೇನೆ.

ಆ ಮರಿ ಸಾಲ ಮಾಡಿ ತಂದಿದ್ದಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅಲ್ವಾ? ಸತ್ತ ಮರಿಗೂ ಕಂತು ಕಟ್ಟಬೇಕಿತ್ತು.

ನವೆಂಬರ್‌ನಲ್ಲಿ ಮಗಳ ಫೀಸು 6,000 ಕಟ್ಟಬೇಕಾಯಿತು. ವ್ಯಾಪಾರಿಗಳಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೋ, ಅದೇ ವಾರ ಒಬ್ಬರು ಬಂದರು. ಟಗರು ಮರಿಯ ಸೊಂಟದ ಹತ್ತಿರ ಬೆನ್ನುಮೂಳೆ ಒತ್ತಿ ನೋಡಿ 'ಏಳೂವರೆ ಸಾವ್ರ ಕೊಡ್ತೀನಿ, ಈಗ್ಲೇ ಹಿಡ್ಕೊಡಕ್ಕ' ಎಂದರು. ಹಸುವಿನ ಕಾಲದಲ್ಲಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಗೃಹಲಕ್ಷ್ಮಿ ದುಡ್ಡು ಎಲ್ಲ ತಿಂಗಳೂ ಒಂದೇ ತಾರೀಖಿಗೆ ಬರುವುದಿಲ್ಲ, ಆ ಸಲ ಎರಡು ತಿಂಗಳದು ಒಟ್ಟಿಗೆ ಬಿದ್ದಿತ್ತು. 4,000 ಅದರಲ್ಲಿ, ಉಳಿದದ್ದು ಕೂಲಿಯಲ್ಲಿ ಕಟ್ಟಿದೆವು. ಮರಿ ಉಳಿಯಿತು.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಯುಗಾದಿ ಮಾರನೇ ದಿನ ಹೊಸತೊಡಕು, ನಮ್ಮ ಕಡೆ ಬಾಡಿಲ್ಲದ ಮನೆ ಕಮ್ಮಿ. ಹಬ್ಬಕ್ಕೆ ಎಂಟು ದಿನ ಇರುವಾಗ ಅದೇ ಟಗರು 13,000ಕ್ಕೆ ಹೋಯಿತು. ನಡುವಿನ ನಾಲ್ಕು ತಿಂಗಳು ಅದು ತಿಂದಿದ್ದು ಹುರುಳಿ ಹೊಟ್ಟು, ಅಗಸೆ ಸೊಪ್ಪು, ದಿನಾ ಒಂದು ಹಿಡಿ ಜೋಳದ ನುಚ್ಚು. ಕೈಯಿಂದ ಬಿದ್ದ ಖರ್ಚು 1,500 ದಾಟಲಿಲ್ಲ.

ಜನ ಕೇಳುವುದು ಕುರಿ ಕೊಳ್ಳಲು ದುಡ್ಡು ಎಲ್ಲಿತ್ತು ಅಂತ. ಕೊಳ್ಳುವುದು ಹೇಗಾದರೂ ಆಗುತ್ತದೆ. ಕೊಂಡಿದ್ದನ್ನು ತಪ್ಪಾದ ಹೊತ್ತಿನಲ್ಲಿ ಮಾರದೆ ಉಳಿಸಿಕೊಳ್ಳುವುದಕ್ಕೇ ಆ 2,000 ನನಗೆ ಜಾಸ್ತಿ ಕೆಲಸಕ್ಕೆ ಬಂತು. ಹಾಲು ಹಾಕುವವರಿಗಾದರೆ ಬಟವಾಡೆ ಇದೆ, ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಬೇರೆ ಬರುತ್ತದೆ. ಕುರಿಯವರಿಗೆ ಮಾರುವ ದಿನದವರೆಗೆ ಒಂದು ರೂಪಾಯಿಯೂ ಇಲ್ಲ. ಅದಕ್ಕೇ ನಾನು ಒಂದು ತಿಂಗಳ ದುಡ್ಡನ್ನು ಯಾವಾಗಲೂ ಖಾತೆಯಲ್ಲೇ ಬಿಟ್ಟಿರುತ್ತೇನೆ, ಜಂತುಹುಳದ ಔಷಧಿಗೆ, ಆಸ್ಪತ್ರೆಗೆ, ಫೀಸಿಗೆ.

ಈಗ ಕೊಟ್ಟಿಗೆಯಲ್ಲಿ ಐದು ಇವೆ. ಮೊದಲು ತಂದ ಕುರಿ ಮತ್ತೆ ಗಬ್ಬ. ಹೋದ ವಾರ ಅದೇ ವ್ಯಾಪಾರಿ ಬಂದು ಚಿಕ್ಕ ಟಗರಿನ ಬೆನ್ನು ಒತ್ತಿ ನೋಡಿದರು. ಹಬ್ಬಕ್ಕೆ ಬನ್ನಿ ಅಣ್ಣ ಎಂದೆ. ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋದರು.