ಗ್ಯಾಸ್ ಒಲೆಯ ಮೇಲೆ ದೊನ್ನೆ ಬಿರಿಯಾನಿ: ಹನ್ನೊಂದನೇ ಸಲಕ್ಕೆ ಕೈಗೆ ಬಂತು

ಹೋದ ಭಾನುವಾರ ಊಟ ಮುಗಿದ ಮೇಲೂ ನನ್ನ ಬಾಮೈದ ಕೈ ತೊಳೆಯಲು ಏಳಲಿಲ್ಲ. ದೊನ್ನೆಯ ತಳಕ್ಕೆ ಅಂಟಿದ್ದ ನಾಲ್ಕು ಅಗುಳನ್ನು ಬೆರಳಲ್ಲಿ ಸವರಿ ತಿಂದ. "ಭಾವ, ಇನ್ನೊಂದು ದೊನ್ನೆ ಇದೆಯಾ?" ಅಂದ. ಎರಡು ವರ್ಷದ ಹಿಂದೆ "ಸುಮ್ನೆ ದುಡ್ಡು ಹಾಳು ಮಾಡ್ತೀರಿ, ಜಯನಗರಕ್ಕೆ ಹೋಗಿ ತಿಂದು ಬರೋಣ ಬನ್ನಿ" ಅಂದವನೂ ಇವನೇ. ಮಿಲ್ಟ್ರಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಬಿರಿಯಾನಿ ಇಳಿಸಿದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರಂತೂ ಖಡಾಖಂಡಿತವಾಗಿ ಹೇಳಿದ್ದರು: "ಸೌದೆ ಒಲೆ ಇಲ್ದೆ ಇದು ಆಗಲ್ಲ ಸಾರ್. ಗ್ಯಾಸಲ್ಲಿ ಆಗೋದು ಪಲಾವ್."

ಆಗುತ್ತದೆ. ಹನ್ನೊಂದು ಸಲ ಮಾಡಿದ ಮೇಲೆ ಹೇಳುತ್ತಿದ್ದೇನೆ.

ಮನೆಯಲ್ಲಿ ಬಿರಿಯಾನಿ ಮಾಡಿ ಅಭ್ಯಾಸ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಚಕ್ಕೆ ಲವಂಗ ಎಷ್ಟು, ಈರುಳ್ಳಿ ಎಷ್ಟು ಬಾಡಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ.

ನಾನು ಮೊದಲು ಮಾಡಿದ್ದು ತಿನ್ನುವ ಕೆಲಸ. ಸುಮಾರು ಒಂದೂವರೆ ವರ್ಷ, ತಿಂಗಳಿಗೆ ಎರಡು ಭಾನುವಾರ. ಎಲ್ಲ ಕಡೆ ಒಂದೇ ಕ್ರಮ ಇಟ್ಟುಕೊಂಡೆ. ಒಂದು ಮಟನ್ ಬಿರಿಯಾನಿ, ಮೊದಲ ಆರು ತುತ್ತು ಶೇರ್ವ ಮುಟ್ಟದೆ. ಶೇರ್ವ ಸುರಿದರೆ ಅನ್ನದ ತಪ್ಪೆಲ್ಲ ಮುಚ್ಚಿಹೋಗುತ್ತದೆ.

ಜಯನಗರ 8ನೇ ಬ್ಲಾಕಿನ ಶಿವಾಜಿ ಮಿಲ್ಟ್ರಿ ಹೋಟೆಲ್ ನನಗೆ ಅಳತೆಗೋಲು. ಅಲ್ಲಿ ಮಸಾಲೆ ಮುಂದೆ ಬಂದು ನಿಲ್ಲುವುದಿಲ್ಲ. ಮಟನ್ ರುಚಿ ಮೊದಲು, ಖಾರ ಆಮೇಲೆ, ಪುದೀನ ಎಲ್ಲೋ ಹಿಂದೆ. ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಮಿಲ್ಟ್ರಿ ಹೋಟೆಲ್ 1908ರದು. ಅಲ್ಲಿಗೆ ಹೋದರೆ ನನ್ನ ಕಣ್ಣು ಬಿರಿಯಾನಿಗಿಂತ ಮೊದಲು ಖೀಮಾ ಕಡೆ ಹೋಗುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನದು ಪಲಾವ್, ಅದರ ದಾರಿಯೇ ಬೇರೆ. ಎರಡನ್ನೂ ಪಕ್ಕದಲ್ಲಿಟ್ಟು ಯಾವುದು ಮೇಲು ಅಂತ ಜಗಳ ಆಡುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಆದರೆ ಮಟನ್ ಬೆಂದ ರಸವನ್ನು ಅನ್ನ ಹೇಗೆ ಕುಡಿದಿರಬೇಕು ಅನ್ನುವುದನ್ನು ನಾನು ಕಲಿತದ್ದು ಅಲ್ಲೇ. ಈಚೆಗೆ ಕೆಲವು ಪಬ್‌ಗಳಲ್ಲೂ ದೊನ್ನೆ ಬಿರಿಯಾನಿ ಇಟ್ಟಿದ್ದಾರೆ. ಪಿಂಗಾಣಿ ಬಟ್ಟಲೊಳಗೆ ದೊನ್ನೆ, ದೊನ್ನೆಯೊಳಗೆ ಬಾಸ್ಮತಿ. ಅದಕ್ಕೆ ನಾನು ದುಡ್ಡು ಕೊಡುವುದಿಲ್ಲ.

ಹೊಸಕೋಟೆಯ ಮಣಿ ದಮ್ ಬಿರಿಯಾನಿಗೆ ಬೆಳಗಿನ ಜಾವ ನಾಲ್ಕೂವರೆಗೇ ಹೋಗಿ ಸಾಲಲ್ಲಿ ನಿಂತೆ. ನನಗಿಂತ ಮುಂದೆ ಅಷ್ಟೊತ್ತಿಗೇ ಎಪ್ಪತ್ತು ಎಂಬತ್ತು ಜನ. ಚಳಿಯಲ್ಲಿ ನಿಂತು ನಾನು ನೋಡಿದ್ದು ಬಡಿಸುವವರ ಕೈಯನ್ನು. ಸೌಟು ಹಾಕಿ ತಿರುವುವುದೇ ಇಲ್ಲ. ತಟ್ಟೆಯನ್ನು ಪಾತ್ರೆಯ ಬದಿಯಿಂದ ನೇರವಾಗಿ ಕೆಳಗೆ ಇಳಿಸಿ, ಮೇಲಿನ ಅನ್ನ, ನಡುವಿನ ತುಂಡು, ತಳದ ಮಸಾಲೆ ಮೂರನ್ನೂ ಒಂದೇ ಎಳೆತಕ್ಕೆ ತೆಗೆಯುತ್ತಾರೆ. ಒಂದು ಅಗುಳೂ ಮುರಿಯುವುದಿಲ್ಲ. ಇಷ್ಟು ಮೆತ್ತಗಿನ ಅನ್ನ ಮುರಿಯದೆ ನಿಲ್ಲಬೇಕಾದರೆ ಅದು ಮುಚ್ಚಿಕೊಂಡು ಸಾಕಷ್ಟು ಹೊತ್ತು ಸುಮ್ಮನೆ ಕೂತಿರಬೇಕು ಅಂತ ಅವತ್ತೇ ಅನಿಸಿತು. ಅನಿಸಿದ್ದು ಕೈಗೆ ಬರಲು ಮತ್ತೆ ಒಂಬತ್ತು ತಿಂಗಳು ಹಿಡಿಯಿತು.

ಈಗ ಸೋತದ್ದು. ಮೊದಲ ಸಲ ಮನೆಯಲ್ಲಿ ಇದ್ದ ಬಾಸ್ಮತಿಯಲ್ಲೇ ಮಾಡಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ಸಲ ದೊನ್ನೆ ಬಿರಿಯಾನಿಗೆ ಹಾಕುವ ಸಣ್ಣ ಅಗುಳಿನ ಜೀರಿಗೆ ಸಾಂಬ ಅಕ್ಕಿ ತಂದೆ, ಆಗ ಕಿಲೋಗೆ ನೂರ ಮೂವತ್ತೋ ನಲವತ್ತೋ ಇತ್ತು. ಮುದ್ದೆಯಾಯಿತು. ಮೂರನೇ ಸಲ ನೀರು ಕಡಿಮೆ ಮಾಡಿದೆ, ಅಕ್ಕಿಯ ನಡುವೆ ಗಟ್ಟಿ ಉಳಿಯಿತು, ಮಟನ್ ರಬ್ಬರಿನ ಹಾಗೆ. ನಾಲ್ಕನೇ ಸಲ ಮತ್ತೆ ಮುದ್ದೆ. ಅಳತೆ ಮೂರನೇ ಸಲದ್ದೇ, ಪಾತ್ರೆಯೂ ಅದೇ! ತಲೆ ಕೆಟ್ಟುಹೋಯಿತು. ಒಂದೊಂದು ಸಲಕ್ಕೂ ಎರಡು ಕಿಲೋ ಮಟನ್, ಅಂದರೆ ಒಂದು ಸಾವಿರದ ಆರುನೂರರ ಹತ್ತಿರ. ನಮ್ಮನೆಯವಳು ಏನೂ ಅನ್ನಲಿಲ್ಲ, ಆದರೆ ತಿಂಗಳ ಲೆಕ್ಕದ ಪುಸ್ತಕದಲ್ಲಿ "ಬಿರಿಯಾನಿ" ಅಂತಲೇ ಬೇರೆ ಪುಟ ಮಾಡಿದಳು. ಕೂಡಿಸಿ ನೋಡಿದರೆ ಹತ್ತನೇ ಸಲದ ಹೊತ್ತಿಗೆ ಇಪ್ಪತ್ತೈದು ಸಾವಿರ ದಾಟಿತ್ತು. ಹೋಟೆಲಿಗೆ ತಿನ್ನಲು ಹೋದ ಖರ್ಚು ಅದರಲ್ಲಿ ಸೇರಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ನಾನು ನೀರನ್ನು ಅಳೆಯುತ್ತಿದ್ದೆ. ಮಟನ್ ತಾನೇ ನೀರು ಬಿಡುತ್ತದೆ, ಮೊಸರು ಬಿಡುತ್ತದೆ, ಟೊಮೆಟೊ ಹಾಕಿದರೆ ಅದೂ ಬಿಡುತ್ತದೆ. ಒಂದು ದಿನದ ಮಟನ್ ಅರ್ಧ ಲೀಟರ್ ಬಿಟ್ಟರೆ ಇನ್ನೊಂದು ದಿನದ್ದು ಒಂದು ಲೋಟವನ್ನೂ ಬಿಡುವುದಿಲ್ಲ. ಐದನೇ ಸಲ ಮಟನ್ ಮುಕ್ಕಾಲು ಪಾಲು ಬೆಂದ ಮೇಲೆ ತುಂಡುಗಳನ್ನೆಲ್ಲ ಎತ್ತಿ ಬೇರೆ ಇಟ್ಟೆ. ಉಳಿದ ರಸವನ್ನು ಮಸಾಲೆ ಸಮೇತ, ಅಕ್ಕಿ ಅಳೆದ ಪಾವಿನಲ್ಲೇ ಅಳೆದೆ. ಕಡಿಮೆ ಬಿದ್ದದ್ದಕ್ಕೆ ಮಾತ್ರ ಬಿಸಿನೀರು. ನೆನೆಸುವ ಮೊದಲು ಅಳೆದ ಅಕ್ಕಿ ಒಂದು ಪಾವು, ರಸ ಒಂದೂವರೆ ಪಾವು. ಅಕ್ಕಿ ನೆನೆಸುವುದು ಇಪ್ಪತ್ತು ನಿಮಿಷ, ಆಮೇಲೆ ನೀರು ಪೂರ್ತಿ ಬಸಿಯಬೇಕು. ಅವತ್ತಿನಿಂದ ಇವತ್ತಿನವರೆಗೆ ಮನೆ ಮಟ್ಟಿನ ಅಡುಗೆಯಲ್ಲಿ ಅನ್ನ ಮುದ್ದೆಯಾಗಿಲ್ಲ.

ಬಣ್ಣದ ಕಥೆ ಬೇರೆ. ರುಬ್ಬಿದ ಸೊಪ್ಪನ್ನೆಲ್ಲ ಮೊದಲೇ ಹಾಕಿ ಮಟನ್ ಜೊತೆ ಮುಕ್ಕಾಲು ಗಂಟೆ ಕುದಿಸಿದರೆ ಹಸಿರು ಉಳಿಯುವುದಿಲ್ಲ. ಕಪ್ಪಾಗುತ್ತದೆ, ಪುದೀನ ಕಹಿ ಬಿಡುತ್ತದೆ. ಈಗ ಅರ್ಧ ಮಸಾಲೆ ಮೊದಲು, ಎಣ್ಣೆ ಬಿಡುವವರೆಗೆ ಹುರಿಯುತ್ತೇನೆ. ಇನ್ನರ್ಧ ಅಕ್ಕಿ ಹಾಕುವ ಹೊತ್ತಿಗೆ. ಕೊತ್ತಂಬರಿ ಎರಡು ಪಾಲಿದ್ದರೆ ಪುದೀನ ಒಂದು, ಒಂದು ಹಿಡಿ ಮೆಂತ್ಯ ಸೊಪ್ಪು, ಖಾರಕ್ಕೆ ಹಸಿಮೆಣಸಿನಕಾಯಿ ಬಿಟ್ಟರೆ ಬೇರೇನೂ ಇಲ್ಲ. ಅಚ್ಚಖಾರದ ಪುಡಿ ಒಂದು ಚಮಚ ಬಿದ್ದರೂ ಅದು ಬೇರೆ ತಿಂಡಿ. ಮಸಾಲೆ ಜೊತೆ ನಾನು ರುಬ್ಬುವ ಇನ್ನೊಂದು ವಸ್ತು ಇದೆ, ಎಲ್ಲರ ಅಡುಗೆಮನೆಯಲ್ಲೂ ಇರುವಂಥದ್ದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿಂಬೆರಸ ಯಾವಾಗ ಹಿಂಡುತ್ತೇನೆ ಅನ್ನುವುದನ್ನೂ ಬರೆಯುವುದಿಲ್ಲ. ಎರಡು ವರ್ಷ ಹಾಕಿ ಕಂಡುಕೊಂಡದ್ದು ಅವೆರಡೇ.

ಮಟನ್ ಮುಂಗಾಲಿನ ಕಡೆಯದು ಮತ್ತು ಪಕ್ಕೆಲುಬು, ಮೂಳೆ ಸಮೇತ. ಸ್ವಲ್ಪ ಕೊಬ್ಬು ಕೇಳಿ ಹಾಕಿಸಿಕೊಳ್ಳಿ. ಒಂದು ಸಲ ಮಳವಳ್ಳಿ ಕಡೆಯ ನೆಂಟರು ಬಂಡೂರು ಕುರಿಯ ಮಟನ್ ತಂದುಕೊಟ್ಟರು. ಬೇಗ ಬೆಂದಿತು, ರುಚಿಯೂ ಅದ್ಭುತ. ಆದರೆ ಬಿರಿಯಾನಿಗೆ ಅದು ದುಬಾರಿ, ಸಾರಿಗೇ ಇಟ್ಟುಕೊಳ್ಳಿ ಅನ್ನುತ್ತೇನೆ. ಇಷ್ಟು ಮಸಾಲೆಯ ನಡುವೆ ಆ ಮಟನ್ನಿನ ಸಿಹಿ ಕಳೆದುಹೋಗುತ್ತದೆ.

ಈಗ ಗ್ಯಾಸ್ ಒಲೆ. ಸೌದೆ ಒಲೆಯಲ್ಲಿ ಶಾಖ ಪಾತ್ರೆಯ ಸುತ್ತ ಏಳುತ್ತದೆ, ಗ್ಯಾಸಿನಲ್ಲಿ ನಡುವೆ ಒಂದೇ ಕಡೆ ಚುಚ್ಚುತ್ತದೆ. ಅದಕ್ಕೇ ಅಡಿ ಹಿಡಿಯುವುದು. ಅಕ್ಕಿ ಹಾಕಿದ ಮೇಲೆ ಜೋರು ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ, ರಸ ಅಕ್ಕಿಯ ಮಟ್ಟಕ್ಕೆ ಇಳಿಯಬೇಕು, ಮೇಲೆ ಸಣ್ಣ ಸಣ್ಣ ತೂತು ಕಾಣಬೇಕು. ಆಗ ಪಾತ್ರೆಯ ಕೆಳಗೆ ಹಳೆಯ ಕಬ್ಬಿಣದ ದೋಸೆ ಹೆಂಚು ಇಡುತ್ತೇನೆ. ಮುಚ್ಚಳದ ಅಂಚಿಗೆ ಒದ್ದೆ ಬಟ್ಟೆ ಸುತ್ತುತ್ತೇನೆ. ಮುಚ್ಚಳದ ಮೇಲೆ ಕೆಂಡ. ಇದ್ದಿಲು ಕಿಲೋಗೆ ಅರವತ್ತು ಎಪ್ಪತ್ತು, ಅರ್ಧ ಕಿಲೋ ಸಾಕು. ನಮ್ಮ ಒಲೆ ಹಿಂದಿನ ಬಾಲ್ಕನಿಯಲ್ಲಿದೆ. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಕೆಂಡ ಇಡಲೇಬೇಡಿ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಆಮೇಲೆ ಒಲೆ ಆರಿಸಿ ಇನ್ನೂ ಇಪ್ಪತ್ತೈದು ನಿಮಿಷ ಮುಚ್ಚಳ ಮುಟ್ಟಬಾರದು. ಹೊಸಕೋಟೆಯಲ್ಲಿ ನನಗೆ ಅನಿಸಿದ್ದು ಇದೇ. ಏಳನೇ ಸಲದವರೆಗೂ ನಾನು ಹತ್ತು ನಿಮಿಷಕ್ಕೇ ತೆರೆದು ನೋಡುತ್ತಿದ್ದೆ. ಅನ್ನ ಬೆಂದಿರುತ್ತಿತ್ತು, ಆದರೆ ಅಂಟಂಟು. ಕಾದರೆ ಅದೇ ಅನ್ನ ಬಿಡಿಬಿಡಿಯಾಗಿ, ಮೆತ್ತಗೆ ನಿಲ್ಲುತ್ತದೆ.

ಎಂಟನೇ ಸಲ ಚೆನ್ನಾಗಿ ಬಂತು. ಆ ಧೈರ್ಯದಲ್ಲಿ ಒಂಬತ್ತನೇ ಸಲ ಮಗಳ ಹುಟ್ಟುಹಬ್ಬಕ್ಕೆ ಮೂವತ್ತೈದು ಜನಕ್ಕೆ ಇಳಿಸಲು ಹೋದೆ. ಐದು ಕಿಲೋ ಮಟನ್, ನಾಲ್ಕು ಕಿಲೋ ಅಕ್ಕಿ, ಬಾಡಿಗೆಗೆ ದೊಡ್ಡ ಪಾತ್ರೆ. ಎಲ್ಲವನ್ನೂ ಲೆಕ್ಕ ಹಾಕಿ ಹೆಚ್ಚಿಸಿದೆ, ರಸವನ್ನೂ. ಅದೇ ತಪ್ಪು. ಪಾತ್ರೆ ದೊಡ್ಡದಾದರೆ ಆವಿ ಅದೇ ಲೆಕ್ಕದಲ್ಲಿ ಹೋಗುವುದಿಲ್ಲ, ಮೇಲಿನ ಅನ್ನದ ಭಾರ ಬೇರೆ ತಳದ ಮೇಲೆ ಕೂರುತ್ತದೆ. ಮೇಲೆ ಚೆನ್ನಾಗಿತ್ತು, ತಳದ ಅರ್ಧ ಅಂಬಲಿ. ನೆಂಟರು ಬಂದು ಕೂತಿದ್ದರು. ಹತ್ತಿರದ ಹೋಟೆಲಿನಿಂದ ಓಡಿ ತರಿಸಿದೆವು, ಆರು ಸಾವಿರದ ಚಿಲ್ಲರೆ. ಅವತ್ತು ಅದನ್ನು ತಿನ್ನುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಅವರ ಬಿರಿಯಾನಿಯಲ್ಲಿ ಸೋಡಾ ರುಚಿ ಹೊಡೆಯುತ್ತಿತ್ತು, ಮಟನ್ ಬೇಗ ಬೇಯಲಿ ಅಂತ ಹಾಕಿರಬೇಕು. ನಾನು ಹಾಳು ಮಾಡಿದ ಪಾತ್ರೆಯ ಮೇಲಿನ ಅರ್ಧವೇ ಅದಕ್ಕಿಂತ ಎಷ್ಟೋ ಮೇಲಾಗಿತ್ತು. ಈಗ ಎರಡು ಕಿಲೋ ಅಕ್ಕಿ ದಾಟಿದರೆ ನಾನು ಪಾತ್ರೆ ಎರಡು ಮಾಡುತ್ತೇನೆ. ಒಂದೇ ಪಾತ್ರೆ ಬೇಕೇ ಬೇಕು ಅಂದರೆ ರಸ ಪಾವಿಗೆ ಒಂದೂಕಾಲು ಸಾಕು.

ನಡುವೆ ಒಂದಿಷ್ಟು ಬೇರೆ ಪ್ರಯೋಗ. ಕುಕ್ಕರಿನಲ್ಲಿ ಮಾಡಿದೆ, ರುಚಿ ಬಂತು, ಅಗುಳು ನಿಲ್ಲಲಿಲ್ಲ. ಚಿಟ್ಟಿ ಮುತ್ಯಾಲು ಅಕ್ಕಿ ಜೀರಿಗೆ ಸಾಂಬಕ್ಕೆ ಸರಿಸಮ, ಸಿಕ್ಕಿದರೆ ಬಿಡಬೇಡಿ. ಸೋನಾ ಮಸೂರಿ ಬೇಡ. ನಮ್ಮ ಊರಿನ ಬಾರುಗಳಲ್ಲಿ ಸಿಗುವ ಕೆಂಪು ಚಿಕನ್ ಕಬಾಬ್ ಇದೆಯಲ್ಲ, ಅದನ್ನೂ ಈ ನೆಪದಲ್ಲಿ ಹಿಡಿದೆ. ಬಿರಿಯಾನಿ ಪಕ್ಕಕ್ಕೆ ಅದರಷ್ಟು ಒಪ್ಪುವುದು ಇನ್ನೊಂದಿಲ್ಲ. ದೊಡ್ಡ ಹೋಟೆಲುಗಳ ತಂದೂರಿಗಿಂತ, ಸಂಜೆ ಏಳು ಗಂಟೆಗೆ ಸಣ್ಣ ಬಾರಿನ ಬಾಣಲೆಯಿಂದ ಆಗಷ್ಟೇ ಎತ್ತಿದ ಕಬಾಬ್ ನನಗೆ ಮೇಲು. ಅಂಗಡಿಯ ಕಬಾಬ್ ಪುಡಿ ಬಿಟ್ಟು ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದೆ, ಮೊಟ್ಟೆ, ಕಾರ್ನ್‌ಫ್ಲೋರ್, ಕೊನೆಗೆ ಅದೇ ಎಣ್ಣೆಯಲ್ಲಿ ಕರಿಬೇವು ಮತ್ತು ಸೀಳಿದ ಹಸಿಮೆಣಸಿನಕಾಯಿ. ಬಣ್ಣ ಬಾರಿನಷ್ಟು ಕೆಂಪಾಗಲಿಲ್ಲ. ರುಚಿ ಬಂತು.

ದೊನ್ನೆಗೂ ದುಡ್ಡು ಹಾಕಿದೆ. ಅಡಿಕೆ ಹಾಳೆಯದು ಗಟ್ಟಿ, ಪರಿಮಳ ಇಲ್ಲ. ಒಳಗೆ ಬೆಳ್ಳಿ ಕಾಗದ ಅಂಟಿಸಿದ್ದು ದೊನ್ನೆಯೇ ಅಲ್ಲ. ಮುತ್ತುಗದ ಎಲೆಯದ್ದು ತನ್ನಿ, ನೂರಕ್ಕೆ ನೂರೈವತ್ತು ಇನ್ನೂರು ಆಗಬಹುದು. ನೀರು ಚಿಮುಕಿಸಿ ಒರೆಸಿ, ಬಿಸಿ ಅನ್ನ ಹಾಕಿ ಎರಡು ನಿಮಿಷ ಬಿಡಿ. ಎಲೆಯ ಘಮ ತಳದ ಅನ್ನಕ್ಕೆ ಏರುತ್ತದೆ. ಉಕ್ಕಿನ ತಟ್ಟೆಯಲ್ಲಿ ಅದೇ ಬಿರಿಯಾನಿ ಬಡಿಸಿ ನೋಡಿದೆ, ಮಕ್ಕಳೇ "ಇದು ಬೇರೆ ಅಲ್ವಾ" ಅಂದರು.

ಲೆಕ್ಕ ಹೇಳಿಬಿಡುತ್ತೇನೆ. ಎರಡು ಕಿಲೋ ಮಟನ್, ಒಂದೂವರೆ ಕಿಲೋ ಅಕ್ಕಿ, ಉಳಿದದ್ದೆಲ್ಲ ಸೇರಿ ಎರಡು ಸಾವಿರದ ಇನ್ನೂರರ ಆಸುಪಾಸು. ಹದಿನಾಲ್ಕು ದೊನ್ನೆ ತುಂಬುತ್ತದೆ. ಒಂದಕ್ಕೆ ನೂರ ಅರವತ್ತೂ ಬೀಳುವುದಿಲ್ಲ, ತುಂಡೂ ಜಾಸ್ತಿ.

ಹನ್ನೊಂದನೇ ಸಲದ್ದನ್ನು ಒಂದು ದೊನ್ನೆ ತುಂಬಿ ನಮ್ಮ ಬೀದಿಯ ಹಿರಿಯರಿಗೆ ಕೊಟ್ಟೆ. ನಿಂತುಕೊಂಡೇ ತಿಂದರು. ಒಂದು ಅಗುಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಸೌದೆ ಎಲ್ಲಿ ತಂದ್ರಿ ಸಾರ್?" ಅಂದರು. ಬಾಲ್ಕನಿಗೆ ಕರೆದುಕೊಂಡು ಹೋಗಿ ಒಲೆ, ಹೆಂಚು, ಮುಚ್ಚಳದ ಮೇಲಿನ ಬೂದಿ ಎಲ್ಲ ತೋರಿಸಿದೆ. ಹೆಂಚನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದರು. ಬರುವ ತಿಂಗಳು ನನ್ನ ತಂಗಿಯ ಮಗಳ ಬೀಗರೂಟ, ಅರವತ್ತು ಜನ. ಪಾತ್ರೆ ನಾಲ್ಕು ಹೇಳಿಟ್ಟಿದ್ದೇನೆ, ರಸ ಅಳೆಯುವುದು ನಾನೇ. ಕೆಂಡ ನೋಡಿಕೊಳ್ಳಲು ಅವರೇ ಬರುತ್ತೇನೆ ಅಂದಿದ್ದಾರೆ.