ಕಾರ್ಡ್ ಉಜ್ಜಬೇಡಿ, ಚಿಪ್ ಕಡೆಯಿಂದ ಹಾಕಿ

ಅಂಗಡೀಲಿ ಪೇ ಮಾಡೋವಾಗ ಚಿಪ್ ಇರೋ ತುದೀನ ಮಷೀನ್ ಸ್ಲಾಟ್‌ಗೆ ಹಾಕಿ, ಸ್ಲಿಪ್ ಬರೋವರೆಗೂ ಎಳೀಬೇಡಿ. ಉಜ್ಜೋದು ಯಾಕೆ ಬೇಡ ಅಂದ್ರೆ, ಹಿಂದಿರೋ ಕಪ್ಪು ಪಟ್ಟೀಲಿ ಕಾರ್ಡ್ ನಂಬರ್, ಎಕ್ಸ್‌ಪೈರಿ ಎಲ್ಲಾ ಬರೆದಿಟ್ಟಂಗೆ ಇರತ್ತೆ, ಯಾವಾಗ ಓದಿದ್ರೂ ಅದೇ ಡೇಟಾ, ಸ್ಕಿಮ್ಮರ್ ಅನ್ನೋ ಕಳ್ಳ ಮಷೀನ್ ಒಂದ್ಸಲ ಕದ್ರೆ ಬೇರೆ ಕಾರ್ಡ್‌ಗೆ ಇಳಿಸ್ಬಹುದು. ಅದಕ್ಕೇ ಆರ್‌ಬಿಐ 2018ರ ಡಿಸೆಂಬರ್ 31ರ ಒಳಗೆ ಬರೀ ಪಟ್ಟಿ ಇರೋ ಕಾರ್ಡ್ ಬದಲಾಯಿಸಿ ಅಂತ ಬ್ಯಾಂಕ್‌ಗಳಿಗೆ ಹೇಳಿದ್ದು.

ಚಿಪ್ ಹಂಗಲ್ಲ. ಅದರೊಳಗೆ ಒಂದು ಸೀಕ್ರೆಟ್ ಕೀ ಇದೆ, ಅದು ಆಚೆ ಬರೋದೇ ಇಲ್ಲ. 640 ರೂಪಾಯಿ ಬಿಲ್ ಆಯ್ತು ಅನ್ಕೊಳ್ಳಿ, ಮಷೀನು ಆ ಅಮೌಂಟು, ತಾರೀಖು, ಆಗ್ಲೇ ಹುಟ್ಟಿಸಿದ ಒಂದು ರ‍್ಯಾಂಡಮ್ ನಂಬರ್ ಚಿಪ್‌ಗೆ ಕೊಡತ್ತೆ, ಚಿಪ್ಪು ಇದು ತನ್ನ ಎಷ್ಟನೇ ವ್ಯವಹಾರ ಅನ್ನೋ ಕೌಂಟರನ್ನೂ ಸೇರ್ಸಿ ಆ ಕೀಯಿಂದ ಒಂದು ಕೋಡ್ ಮಾಡತ್ತೆ, ಕ್ರಿಪ್ಟೋಗ್ರಾಮ್ ಅಂತಾರೆ. ಬ್ಯಾಂಕೂ ಅದೇ ಲೆಕ್ಕ ಹಾಕಿ ನೋಡತ್ತೆ, ತಾಳೆ ಆದ್ರೆ ಮುಂದಕ್ಕೆ. ಆ ಕೋಡನ್ನ ಯಾರಾದ್ರೂ ಕದ್ದು ನಾಳೆ ಬೇರೆ ಬಿಲ್‌ಗೆ ಹಾಕಿದ್ರೆ ಅಮೌಂಟೂ ಬೇರೆ, ಕೌಂಟರೂ ಹಳೇದು, ನಡಿಯಲ್ಲ.

ಚಿಪ್ಪು ಹೇಳೋದು ಕಾರ್ಡ್ ಅಸಲಿ ಅಂತ ಮಾತ್ರ. ಹಿಡ್ಕೊಂಡಿರೋರು ನೀವೇನಾ ಅನ್ನೋದಕ್ಕೆ ಪಿನ್ನು. ಪೆಟ್ರೋಲ್ ಬಂಕಲ್ಲಿ ಕಾರೊಳಗೇ ಕೂತು ಪಿನ್ ಕೂಗಿ ಹೇಳೋರಿಗೆ ಏನ್ ಹೇಳೋದು! ಇಳಿದು ಹೋಗಿ, ಕೈ ಅಡ್ಡ ಇಟ್ಟು ನೀವೇ ಒತ್ತಿ.

ಚಿಪ್ ಕಾರ್ಡ್ ಉಜ್ಜಿದ್ರೆ ಸಾಮಾನ್ಯವಾಗಿ ಮಷೀನೇ ಚಿಪ್ ಹಾಕಿ ಅಂತ ಕೇಳತ್ತೆ, ಆದ್ರೂ ಅಂಗಡಿಯವರು 'ಓದ್ತಿಲ್ಲ ಸಾರ್' ಅಂತ ಮತ್ತೆ ಮತ್ತೆ ಉಜ್ಜೋಕೆ ಹೋದ್ರೆ ಬೇಡ ಅನ್ನಿ, ಯುಪಿಐ ಮಾಡಿ. ಎಲ್ಲಾ ಕಡೆ ಹಂಗೇ ಆದ್ರೆ ಚಿಪ್ಪೇ ಸವೆದಿರಬಹುದು, ಹೊಸ ಕಾರ್ಡ್‌ಗೆ ಬ್ಯಾಂಕಲ್ಲಿ ಅರ್ಜಿ ಹಾಕಿ.

ಕಾರ್ಡನ್ನ ಸ್ಲಾಟ್‌ಗೆ ಹಾಕ್ದೆ ಮಷೀನ್‌ಗೆ ಬರೀ ತಾಗಿಸಿ ಟ್ಯಾಪ್ ಮಾಡಿದ್ರೂ ಪ್ರತಿಸಲ ಹೊಸ ಕೋಡೇ, ಅದರಲ್ಲಿ ಭಯ ಇಲ್ಲ. ಆದ್ರೆ 2021ರ ಜನವರಿಯಿಂದ 5000 ರೂಪಾಯಿವರೆಗೆ ಪಿನ್ ಇಲ್ದೆ ಹೋಗ್ಬಹುದು, ಕಾರ್ಡ್ ಕಳೆದ್ರೆ ಕಷ್ಟ, ಬ್ಯಾಂಕ್ ಆ್ಯಪಲ್ಲಿ ಲಿಮಿಟ್ ಇಳಿಸಿ ಅಥವಾ ಆಫ್ ಮಾಡಿ.

ಆನ್‌ಲೈನಲ್ಲಿ ನಂಬರ್ ಟೈಪ್ ಮಾಡೋವಾಗ ಚಿಪ್‌ಗೆ ಕೆಲಸವೇ ಇಲ್ಲ. ಎಷ್ಟೋ ವಿದೇಶಿ ಸೈಟ್‌ಗಳು ಓಟಿಪಿನೂ ಕೇಳಲ್ಲ, ಹಾಗಾಗಿ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆಫ್ ಇಡಿ, ಬೇಕಾದಾಗ ಆನ್ ಮಾಡ್ಕೊಳ್ಳಿ. ನೀವು ಮಾಡದ ಪೇಮೆಂಟ್ ಎಸ್ಸೆಮ್ಮೆಸ್ ಬಂತಾ, ಮೊದಲು ಆ್ಯಪಲ್ಲಿ ಬ್ಲಾಕ್, ಆಮೇಲೆ ಬ್ಯಾಂಕ್‌ಗೂ ಸೈಬರ್ ಕ್ರೈಮ್ ಹೆಲ್ಪ್‌ಲೈನ್ 1930ಕ್ಕೂ ಫೋನ್, ಕಂಪ್ಲೇಂಟ್ ನಂಬರ್ ಬರ್ಕೊಳ್ಳಿ.