ತಗ್ಗಿಸಿದ ಪಿಕಪ್‌ಗೆ ಹಿಂಬದಿಯ ಏರ್ ಬ್ಯಾಗ್ ಕೂಡಿಸಿದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಮ್ಮ ಮನೆಯ ಗ್ಯಾರೇಜಿನಲ್ಲಿರುವ 1998ರ ಶೆವ್ರೊಲೆ ಎಸ್-10 ಪಿಕಪ್ ನನ್ನ ಕೈಸೇರುವ ಮೊದಲೇ ತಗ್ಗಿಸಿದ ಗಾಡಿಯಾಗಿತ್ತು. ಹಿಂದಿನ ಮಾಲೀಕರು ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗಿನ ಕೆಳಗಿದ್ದ ಆಕ್ಸಲನ್ನು (ಎರಡೂ ಹಿಂಚಕ್ರ ಕೂಡಿಸುವ ಅಡ್ಡದಂಡ) ಅದರ ಮೇಲಕ್ಕೆ ಕೂರಿಸಿ ಹಿಂಬದಿಯನ್ನು ಸುಮಾರು 5 ಇಂಚು ಇಳಿಸಿದ್ದರು. ನೋಟಕ್ಕೆ ಅಂದವಾಗಿತ್ತು, ಆದರೆ ಆಕ್ಸಲ್‌ಗೂ ಗಾಡಿಯ ಉಕ್ಕಿನ ಚೌಕಟ್ಟಾದ ಚಾಸಿಗೂ ನಡುವೆ ಉಳಿದದ್ದು ಒಂದು ಇಂಚಿನಷ್ಟು ಜಾಗ. ಕೈತೋಟಕ್ಕೆಂದು ಕೆಲವು ಚೀಲ ಮಣ್ಣು ಹೇರಿದರೆ ಸಾಕು, ಪ್ರತಿ ಗುಂಡಿಯಲ್ಲೂ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತಿತ್ತು. ಹೊರೆ ಎಷ್ಟೇ ಇರಲಿ ಎತ್ತರ ಒಂದೇ ಆಗಿರಬೇಕು ಎಂಬ ಕಾರಣಕ್ಕೆ ನಾನು ಏರ್ ಬ್ಯಾಗಿನ ದಾರಿ ಹಿಡಿದೆ. ಇದು ಅಪಘಾತದಲ್ಲಿ ತೆರೆದುಕೊಳ್ಳುವ ಬ್ಯಾಗ್ ಅಲ್ಲ. ಬೆಂಗಳೂರು–ಮೈಸೂರು ನಡುವೆ ಓಡುವ ಐರಾವತದಂತಹ ಬಸ್ಸುಗಳ ಅಡಿಯಲ್ಲಿ ಸ್ಪ್ರಿಂಗಿನ ಬದಲು ಕುಳಿತಿರುವ ರಬ್ಬರಿನ ಗಾಳಿಚೀಲದ ಚಿಕ್ಕ ರೂಪ.

ಮೊದಲ ಸಲ ನಾನು ಮಾಡಿದ್ದು ತಪ್ಪು, ಮತ್ತು ಆ ತಪ್ಪಿನಿಂದ ಎರಡು ವಾರಾಂತ್ಯದ ವೆಲ್ಡಿಂಗ್ ವ್ಯರ್ಥವಾಯಿತು. ಬ್ಯಾಗನ್ನು ಮೊದಲು ಕೊಂಡು, ಗಾಡಿ ಪೂರ್ತಿ ನೆಲಕ್ಕೆ ಕುಳಿತಾಗ ಅದು ಎಲ್ಲಿ ಹಿಡಿಸುತ್ತದೆಯೋ ನೋಡಿಕೊಂಡು ಬ್ರಾಕೆಟ್ ಕೂಡಿಸಿದೆ. ನನ್ನದು ಎರಡು ಉಬ್ಬುಗಳ ಬ್ಯಾಗು. ಕುಸಿದಾಗ ಸುಮಾರು 3 ಇಂಚು, ಓಡಾಟಕ್ಕೆ ಸುಮಾರು 5 ಇಂಚು ಎತ್ತರ ಅದಕ್ಕೆ ಹೇಳಿದ್ದು. ನನ್ನ ಬ್ರಾಕೆಟ್‌ಗಳಲ್ಲಿ ಓಡಾಟದ ಎತ್ತರಕ್ಕೆ ಬಂದಾಗ ಅದು 4 ಇಂಚಿಗೂ ಕಡಿಮೆಯಿತ್ತು. ಒಳಗೆ ಗಾಳಿಯ ಗಾತ್ರ ಕಡಿಮೆಯಾದಷ್ಟೂ ಅದೇ ಏರಿಳಿತಕ್ಕೆ ಒತ್ತಡ ಬೇಗ ಏರುತ್ತದೆ, ಬ್ಯಾಗು ಗಡುಸಾಗುತ್ತದೆ. ಹಾಗಾಗಿ ಗಾಡಿ ಹಳೆಯ ಲೀಫ್ ಸ್ಪ್ರಿಂಗಿಗಿಂತಲೂ ಒರಟಾಗಿ ಕುಣಿಯಿತು. ಎರಡನೆಯ ಸಲ ಚಾಸಿಯನ್ನು ಓಡಾಟದ ಎತ್ತರದಲ್ಲಿ ಸ್ಟ್ಯಾಂಡುಗಳ ಮೇಲೆ ಮಟ್ಟವಾಗಿ ನಿಲ್ಲಿಸಿ, ಟೈರು ಸಹಿತ ಆಕ್ಸಲನ್ನು ಅದರ ಜಾಗದಲ್ಲಿಟ್ಟು, ಬ್ಯಾಗಿನ ಬದಲು 5 ಇಂಚಿನ ಮರದ ತುಂಡನ್ನು ನಡುವೆ ಇರಿಸಿ, ಪ್ರತಿಯೊಂದು ಬ್ರಾಕೆಟನ್ನೂ ಅಲ್ಲಿಂದಲೇ ಅಳೆದೆ.

ಲೀಫ್ ಸ್ಪ್ರಿಂಗ್ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ ಹಿಂದೆ ಮುಂದೆ ಸರಿಯದಂತೆ, ಪಕ್ಕಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವುದೂ ಅದೇ. ಬ್ಯಾಗಿಗೆ ಭಾರ ಹೊರುವುದೊಂದೇ ಗೊತ್ತು. ಆದ್ದರಿಂದ ಸ್ಪ್ರಿಂಗ್ ತೆಗೆದ ಮೇಲೆ ನಾಲ್ಕು ಲಿಂಕ್ ರಾಡುಗಳು ಬೇಕು. ಮೇಲಿನ ಎರಡು ರಾಡುಗಳನ್ನು ಆಕ್ಸಲಿನ ನಡುವಿನ ಗೇರುಗೂಡಾದ ಡಿಫರೆನ್ಶಿಯಲ್‌ನತ್ತ ಓರೆಯಾಗಿ ತಂದರೆ ಪಕ್ಕದ ಹಿಡಿತ ಅದರಲ್ಲೇ ಸಿಗುತ್ತದೆ. ಆದರೆ ಈ ಆಕ್ಸಲಿನ ನಡುಭಾಗ ಎರಕದ ಕಬ್ಬಿಣ, ಅದಕ್ಕೆ ಬ್ರಾಕೆಟ್ ವೆಲ್ಡ್ ಮಾಡುವುದು ನನ್ನ ಕೈಚಳಕಕ್ಕೆ ಮೀರಿದ್ದು. ಹಾಗಾಗಿ ನಾಲ್ಕನ್ನೂ ಸಮಾನಾಂತರವಾಗಿ, ಎಲ್ಲ ಬ್ರಾಕೆಟ್‌ಗಳೂ ಉಕ್ಕಿನ ಕೊಳವೆಯ ಮೇಲೆ ಬರುವಂತೆ ಇಟ್ಟು, ಪಕ್ಕದ ಹಿಡಿತಕ್ಕೆ ಗಾಡಿಗೆ ಅಡ್ಡಲಾಗಿ ಕೂರುವ ಪ್ಯಾನ್‌ಹಾರ್ಡ್ ರಾಡ್ ಹಾಕಿದೆ. ಮೇಲಿನ ಮತ್ತು ಕೆಳಗಿನ ರಾಡುಗಳ ಉದ್ದ ಒಂದೇ ಇದ್ದುದರಿಂದ ಗಾಡಿ ಏರಿದರೂ ಇಳಿದರೂ ಪಿನಿಯನ್ ಕೋನ, ಅಂದರೆ ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಆಕ್ಸಲಿಗೆ ಸೇರುವ ಗೇರಿನ ಓರೆ, ಬದಲಾಗುವುದಿಲ್ಲ. ಗೇರ್‌ಬಾಕ್ಸಿನ ಹಿಂದುದಿ ಎಷ್ಟು ಡಿಗ್ರಿ ಕೆಳಕ್ಕೆ ಬಾಗಿದೆಯೋ ಪಿನಿಯನ್ ಅಷ್ಟೇ ಡಿಗ್ರಿ ಮೇಲಕ್ಕೆ ಮುಖ ಮಾಡುವಂತೆ ಕೋನಮಾಪಕ ಇಟ್ಟು ಹೊಂದಿಸಿದೆ. ಇಲ್ಲವಾದರೆ ಪ್ರೊಪೆಲ್ಲರ್ ಶಾಫ್ಟ್ ವೇಗ ಹೆಚ್ಚಿದಂತೆ ನಡುಗುತ್ತದೆ.

ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲಿಗೆ. ಅದು ಕಮಾನಿನಲ್ಲಿ ತಿರುಗುವುದರಿಂದ ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಸರಿದೇ ಸರಿಯುತ್ತದೆ. ನನ್ನ ರಾಡು 28 ಇಂಚು. ಓಡಾಟದ ಎತ್ತರದಲ್ಲಿ ಅದು ಮಟ್ಟವಾಗಿದ್ದರೆ 3 ಇಂಚಿನ ಏರಿಳಿತಕ್ಕೆ ಸರಿಯುವುದು 0.16 ಇಂಚು ಮಾತ್ರ. ಅದೇ 15 ಇಂಚಿನ ರಾಡಾಗಿದ್ದರೆ 0.3 ಇಂಚು ಸರಿದು, ತಗ್ಗಿಸಿದ ಗಾಡಿಯಲ್ಲಿ ಟೈರು ಮಡ್‌ಗಾರ್ಡಿಗೆ ತಾಗಬಹುದಿತ್ತು.

ಆಕ್ಸಲ್ ಮೇಲೇರಲು ಚಾಸಿಯಲ್ಲಿ ಅರ್ಧಚಂದ್ರಾಕಾರದ ಕಚ್ಚು ಕತ್ತರಿಸಿ, ಕಾಲು ಇಂಚಿನ ಪ್ಲೇಟಿನಿಂದ ಬಲಪಡಿಸಬೇಕಾಯಿತು. ಕತ್ತರಿಸುವ ಜಾಗದ ಎರಡೂ ಕಡೆ ಆಸರೆ ಕೊಟ್ಟು, ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈಹಾಕಿದೆ. ಈ ಗಾಡಿಯ ಪೆಟ್ರೋಲ್ ಟ್ಯಾಂಕು ಎಡಬದಿಯ ಚಾಸಿಯ ಪಕ್ಕದಲ್ಲೇ ಇರುವುದರಿಂದ ಅದನ್ನು ಕಳಚಿ ಅಂಗಳದ ಆಚೆಗೆ ಸಾಗಿಸಿ, ಬ್ಯಾಟರಿ ತಂತಿ ಬಿಚ್ಚಿದ ನಂತರವೇ ವೆಲ್ಡಿಂಗ್ ಆರಂಭಿಸಿದೆ. ಈ ಎರಡನ್ನೂ ದಯವಿಟ್ಟು ಯಾರೂ ಬಿಡಬೇಡಿ. ಆಕ್ಸಲಿನ ಕೊಳವೆಗೆ ಒಂದೇ ಸಮನೆ ವೆಲ್ಡ್ ಎಳೆದರೆ ಅದು ಬಾಗುತ್ತದೆ. ಒಂದೊಂದು ಇಂಚು ಹಾಕಿ, ಬದಿ ಬದಲಿಸಿ, ಆರಲು ಬಿಡಬೇಕು.

ಗಾಳಿಯಿಲ್ಲದ ಬ್ಯಾಗಿನ ಮೇಲೆ ಗಾಡಿಯ ಭಾರ ಬೀಳಬಾರದೆಂದು ಬ್ಯಾಗು ಪೂರ್ತಿ ಕುಸಿಯುವ ಮೊದಲೇ ಆಕ್ಸಲ್ ತಾಗುವ ರಬ್ಬರ್ ಸ್ಟಾಪರುಗಳನ್ನು ಚಾಸಿಗೆ ಹಾಕಿದೆ. ಉಬ್ಬಿದ ಬ್ಯಾಗಿನ ಸುತ್ತ ಎಲ್ಲ ಕಡೆಯೂ ಒಂದು ಇಂಚು ಬಿಡುವಿದೆ. ಬ್ರೇಕಿನ ಹೋಸ್ ಉದ್ದ ಮಾಡಿಸಿದೆ. ಲೀಫ್ ಸ್ಪ್ರಿಂಗಿನ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತ ತಾನಾಗಿ ಸ್ವಲ್ಪ ತಗ್ಗುತ್ತಿತ್ತು. ಬ್ಯಾಗಿನಲ್ಲಿ ಆ ಘರ್ಷಣೆ ಇಲ್ಲ. ಹಳೆಯ ಶಾಕ್ ಅಬ್ಸಾರ್ಬರ್ ಸಾಲದೆ ಬಿಗಿಯಾದದ್ದನ್ನು ಹಾಕಿದ ದಿನವೇ ಗಾಡಿ ನಿಜವಾಗಿ ನೆಟ್ಟಗೆ ಓಡಿತು.

ಗಾಳಿಯ ಕೆಲಸದಲ್ಲಿ ಮುಖ್ಯವಾದದ್ದು ಎಡ ಬಲಗಳನ್ನು ಬೇರೆಯಾಗಿಡುವುದು. ಖರ್ಚು ಉಳಿಸಲು ಎರಡೂ ಬ್ಯಾಗುಗಳನ್ನು ಒಂದೇ ಕೊಳವೆಗೆ ಜೋಡಿಸಿ ನೋಡಿದ್ದೆ. ತಿರುವಿನಲ್ಲಿ ಭಾರ ಬಿದ್ದ ಹೊರಬದಿಯ ಬ್ಯಾಗಿನ ಗಾಳಿ ಒಳಬದಿಯದಕ್ಕೆ ಹರಿದು, ವಾಲಿದ ಗಾಡಿ ಇನ್ನಷ್ಟು ವಾಲಿತು. ಹೆದ್ದಾರಿಯ ಇಳಿಜಾರಿನ ತಿರುವಿನಲ್ಲಿ ನನಗೆ ಆದ ಆ ಭಯ ಇನ್ನೊಬ್ಬರಿಗೆ ಬೇಡ. ಈಗ ಪ್ರತಿ ಬದಿಗೂ ತುಂಬಲು ಒಂದು, ಬಿಡಲು ಒಂದು ಎಂದು ಒಟ್ಟು ನಾಲ್ಕು ವಾಲ್ವುಗಳಿವೆ. 5 ಗ್ಯಾಲನ್ ಗಾಳಿ ಟ್ಯಾಂಕಿನ ಒತ್ತಡ 165 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಅಳತೆ) ಇಳಿದಾಗ ಅದನ್ನು ತುಂಬುವ ಕಂಪ್ರೆಸರ್ ಚಾಲೂ ಆಗಿ 200ಕ್ಕೆ ನಿಲ್ಲುತ್ತದೆ.

ಮೊದಲ ವಾರ ಪ್ರತಿ ಬೆಳಿಗ್ಗೆ ಎಡಬದಿ ಕುಸಿದಿರುತ್ತಿತ್ತು. ಸಾಬೂನಿನ ನೀರು ಹಚ್ಚಿದರೆ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಕೊನೆಗೆ ವಾಲ್ವ್ ಬಿಚ್ಚಿದಾಗ, ಜಾಯಿಂಟುಗಳಿಗೆ ಸುತ್ತಿದ್ದ ಬಿಳಿ ಟೇಪಿನ ಒಂದು ಎಳೆ ಒಳಗೆ ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚದಂತೆ ತಡೆದಿತ್ತು. ಅಂದಿನಿಂದ ಜಾಯಿಂಟಿನ ತಿರುಪುಗಳಿಗೆ ದ್ರವರೂಪದ ಸೀಲೆಂಟ್ ಮಾತ್ರ ಬಳಸುತ್ತೇನೆ, ಕೊಳವೆಯನ್ನು ಕಟ್ಟರಿನಿಂದ ನೇರವಾಗಿ ಕತ್ತರಿಸುತ್ತೇನೆ. ಓರೆಯಾಗಿ ಕತ್ತರಿಸಿದ ತುದಿ ಫಿಟ್ಟಿಂಗಿನಲ್ಲಿ ಖಂಡಿತ ಸೋರುತ್ತದೆ.

ಖಾಲಿ ಗಾಡಿಗೆ ಸುಮಾರು 35 ಪಿಎಸ್‌ಐ, 300 ಪೌಂಡು ಮಣ್ಣು ಹೇರಿದರೆ ಸುಮಾರು 45 ಬೇಕಾಗುತ್ತದೆ. ಚಳಿಯ ಬೆಳಿಗ್ಗೆ ಅಂಕಿ ಇಳಿಯುವುದರಿಂದ ನಾನು ಗೇಜಿಗಿಂತ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಇರುವ ಅಳತೆಯನ್ನೇ ನಂಬುತ್ತೇನೆ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 24008ನೆಯ ಕಲಮಿನ ಪ್ರಕಾರ 2023ರ ಕೊನೆಯವರೆಗೆ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗಿಳಿದು ರಸ್ತೆಯಲ್ಲಿ ಓಡುವಂತಿರಲಿಲ್ಲ, ಈಗ ಆ ಕಲಮು ರದ್ದಾಗಿದೆ. ನನ್ನ ಓಡಾಟದ ಎತ್ತರ ಆ ಮಿತಿಗಿಂತಲೂ ಸಾಕಷ್ಟು ಮೇಲಿದೆ. ಊರಿನಲ್ಲಿ, ಅಂದರೆ ಭಾರತದಲ್ಲಿ, ಇದೇ ಕೆಲಸ ಮಾಡಿಸಬೇಕೆಂದಿರುವ ಗೆಳೆಯರು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಮೊದಲು ಓದಬೇಕು, ಏಕೆಂದರೆ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಅದು ತಡೆಯುತ್ತದೆ.

ಈಗ 6,000 ಮೈಲಿ ಓಡಿದೆ. ತಿಂಗಳಿಗೊಮ್ಮೆ ಗಾಳಿ ಟ್ಯಾಂಕಿನ ತಳದ ನೀರು ಬಿಡುತ್ತೇನೆ, ರಾಡುಗಳ ಬೋಲ್ಟುಗಳಿಗೆ ಟಾರ್ಕ್ ವ್ರೆಂಚ್ ಹಾಕುತ್ತೇನೆ. ಹೋದ ತಿಂಗಳು ಪ್ಯಾನ್‌ಹಾರ್ಡ್ ರಾಡಿನ ಚಾಸಿ ಬದಿಯ ಬೋಲ್ಟು ಕಾಲು ಸುತ್ತು ಸಡಿಲವಾಗಿತ್ತು. ಅದಕ್ಕೆ ಲಾಕ್ ನಟ್ ಹಾಕಿದ್ದೇನೆ.